ಬರುವ ಬಂಡವಾಳ, ಉಳಿಯುವ ಬಂಡವಾಳ

(ಚೆನ್ನೈನಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಈ ವೇದಿಕೆಯಿಂದ ತಾವು ಸಾಮಾನ್ಯವಾಗಿ ಕುಮಾರವ್ಯಾಸನನ್ನು, ವಚನಕಾರರನ್ನು, ನಮ್ಮ ನವೋದಯದ ಕವಿಗಳನ್ನು ಕುರಿತ ಮಾತುಗಳನ್ನು ಕೇಳುತ್ತೀರಿ. ಇಂದು ಪದಾಧಿಕಾರಿಗಳು ನನಗೆ ಒಪ್ಪಿಸಿರುವ ವಿಷಯ ಅಷ್ಟು ರಸವತ್ತಾದುದಲ್ಲ. ಭಾರತದಂತಹ ಅಭಿವೃದ್ಧಿಶೀಲ ದೇಶದಲ್ಲಿ ವಿದೇಶೀ ನೇರ ಹೂಡಿಕೆಗೆ ಯಾವ ಉದ್ಯಮಗಳು ಭರವಸೆಯವು ಎಂಬುದೇ ಆ ವಿಷಯ. ನಾನು ಕೇಂದ್ರ ಸರ್ಕಾರದ ಅಧಿಕಾರಿ. ಆದರೆ ಇಲ್ಲಿ ಆಡುವ ಮಾತುಗಳು ನನ್ನ ಸ್ವಂತದವು. ಸರ್ಕಾರದ ಧೋರಣೆಯನ್ನು ಇವುಗಳಲ್ಲಿ ಹುಡುಕಬಾರದೆಂದು ಮೊದಲಿಗೇ ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ಸಂಘಕ್ಕೆ ಈ ವಿಷಯ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ನಮ್ಮ ತಂದೆಯರ ತಲೆಮಾರು ಊರು ಬಿಟ್ಟು ಬಂದದ್ದು ಬ್ಯಾಂಕು, ರೈಲ್ವೆ, ಹೋಟೆಲು, ಗಿರಣಿಗಳನ್ನು ಹಿಂಬಾಲಿಸಿ. ನಮ್ಮ ಮಕ್ಕಳ ತಲೆಮಾರು ಊರಿಂದೂರಿಗೆ ಅಲೆಯುತ್ತಿರುವುದು ಬಹುಮಟ್ಟಿಗೆ ವಿದೇಶೀ ಬಂಡವಾಳವನ್ನು ಹಿಂಬಾಲಿಸಿ. ಶ್ರೀಪೆರಂಬುದೂರು, ಪುಣೆಯ ಚಾಕಣ, ಹೈದರಾಬಾದಿನ ಗಚ್ಚಿಬೌಲಿ, ಗುರುಗ್ರಾಮ ಇವು ಇಂದು ನಮ್ಮ ಮನೆಗಳ ವಿಳಾಸಗಳಾಗಿವೆ. ಆ ಬಂಡವಾಳ ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಎದ್ದು ಹೋಗುತ್ತದೆ ಎಂಬುದು ನಮ್ಮ ಸಂಸಾರಗಳ ಪ್ರಶ್ನೆಯೂ ಹೌದು.

ಮೊದಲು ಶಬ್ದಾರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ಷೇರುಪೇಟೆಯಲ್ಲಿ ಬೆಳಿಗ್ಗೆ ಕೊಂಡು ಸಂಜೆ ಮಾರುವ ವಿದೇಶೀ ಹಣ ನೇರ ಹೂಡಿಕೆಯಲ್ಲ. ಉದ್ಯಮವೊಂದರ ಆಡಳಿತದಲ್ಲಿ ಪಾಲು ಪಡೆದು, ಕಾಲೂರಿ ನಿಲ್ಲುವ ಉದ್ದೇಶದಿಂದ ಬರುವ ಹಣಕ್ಕೆ ಆ ಹೆಸರು. ಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಲ್ಲಿ ಶೇಕಡ 10 ಅಥವಾ ಅದಕ್ಕಿಂತ ಹೆಚ್ಚು ಪಾಲನ್ನು ವಿದೇಶೀಯನು ಹೊಂದಿದರೆ ನಮ್ಮಲ್ಲಿ ಅದನ್ನು ನೇರ ಹೂಡಿಕೆಯೆಂದು ಎಣಿಸುತ್ತಾರೆ.

ಎಣಿಕೆಯ ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. 2024-25ರಲ್ಲಿ ಭಾರತಕ್ಕೆ ಬಂದ ಒಟ್ಟು ನೇರ ಹೂಡಿಕೆ ಸುಮಾರು 8100 ಕೋಟಿ ಡಾಲರ್. ಪತ್ರಿಕೆಗಳ ಮುಖಪುಟದಲ್ಲಿ ಮೆರೆದದ್ದು ಈ ಅಂಕಿ. ಅದೇ ವರ್ಷದಲ್ಲಿ ಹಿಂದಿನ ಹೂಡಿಕೆದಾರರು ತಮ್ಮ ಪಾಲು ಮಾರಿ ಹೊರಗೊಯ್ದ ಹಣ 5100 ಕೋಟಿ ಡಾಲರಿಗೂ ಹೆಚ್ಚು. ಉಳಿದುದರ ಬಹುಭಾಗಕ್ಕೆ ಸಮನಾದ ಮೊತ್ತವನ್ನು ನಮ್ಮವರೇ ಹೊರದೇಶಗಳಲ್ಲಿ ಹೂಡಿದರು. ಕೂಡಿ ಕಳೆದರೆ ಆ ವರ್ಷ ನಿವ್ವಳವಾಗಿ ನಿಂತದ್ದು 100 ಕೋಟಿ ಡಾಲರಿಗೂ ಕಡಿಮೆ. ಹಳೆಯ ಹೂಡಿಕೆದಾರನು ಲಾಭದೊಡನೆ ಸಲೀಸಾಗಿ ಹೊರಹೋಗಬಲ್ಲನೆಂಬುದು ಪೇಟೆಯ ಆರೋಗ್ಯದ ಲಕ್ಷಣವೆಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೂ ಕೆರೆಗೆ ಬಂದ ನೀರನ್ನು ಮಾತ್ರ ಅಳೆದು ಕೋಡಿಯಲ್ಲಿ ಹರಿದ ನೀರನ್ನು ಅಳೆಯದವನು ನೀರಗಂಟಿಯಾಗಲಾರ.

ವಿದೇಶೀ ಹೂಡಿಕೆ 1991ರಲ್ಲಿ ಹುಟ್ಟಿತೆಂಬ ಭಾವನೆ ವ್ಯಾಪಕವಾಗಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೊ ಸ್ಥಾಪನೆಯಾದದ್ದು 1951ರಲ್ಲಿ, ಜರ್ಮನಿಯ ಬಾಷ್ ಸಂಸ್ಥೆಯ ನಂಟಿನಿಂದ. ಎಚ್.ಎಂ.ಟಿ. 1953ರಲ್ಲಿ ಸ್ಥಾಪನೆಯಾಗಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್‌ನ ತಾಂತ್ರಿಕ ನೆರವಿನಿಂದ ಯಂತ್ರೋಪಕರಣಗಳನ್ನೂ, 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರಗಳನ್ನೂ ತಯಾರಿಸತೊಡಗಿತು. ಇವೆರಡರಲ್ಲಿ ಒಂದು ಬಂಡವಾಳದೊಡನೆ ವಿದ್ಯೆಯನ್ನು ತಂದಿತು. ಇನ್ನೊಂದರಲ್ಲಿ ನಾವು ವಿದ್ಯೆಯನ್ನು ಕೊಂಡು ಬಂಡವಾಳವನ್ನು ನಾವೇ ಹಾಕಿದೆವು. ಮುಂದೆ 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆ ಬಹುತೇಕ ಕಂಪನಿಗಳಲ್ಲಿ ವಿದೇಶೀ ಪಾಲನ್ನು ಶೇಕಡ 40ಕ್ಕೆ ಇಳಿಸಿತು. 1977-78ರಲ್ಲಿ ಕೋಕಾ ಕೋಲಾ ಮತ್ತು ಐ.ಬಿ.ಎಂ. ದೇಶ ಬಿಟ್ಟವು. 1991ರ ಜುಲೈ 24ರ ಕೈಗಾರಿಕಾ ನೀತಿ 34 ಆದ್ಯತಾ ಉದ್ಯಮಗಳಲ್ಲಿ ಶೇಕಡ 51ರವರೆಗಿನ ವಿದೇಶೀ ಪಾಲಿಗೆ ತಾನಾಗಿಯೇ ಅನುಮತಿ ದೊರೆಯುವಂತೆ ಮಾಡಿತು.

ಆಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿ. ಡಂಕೆಲ್ ಪ್ರಸ್ತಾಪದ ಪರವಿರೋಧ ಚರ್ಚೆ ವಿದ್ಯಾರ್ಥಿನಿಲಯದ ಊಟದ ಮನೆಯವರೆಗೂ ಹಬ್ಬಿದ್ದ ಕಾಲವದು. 1992ರ ಡಿಸೆಂಬರಿನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಆ ದಾರಿ ನನಗೆ ಅಂದೂ ಒಪ್ಪಿಗೆಯಾಗಿರಲಿಲ್ಲ, ಇಂದೂ ಇಲ್ಲ. ಆದರೆ ಬೀಜದ ಒಡೆತನ ಯಾರದು ಎಂಬ ಅವರ ಪ್ರಶ್ನೆ ಅಂದಿಗಿಂತ ಇಂದು ಹೆಚ್ಚು ಜೀವಂತವಾಗಿದೆ.

ಉದ್ಯಮವೊಂದನ್ನು ಭರವಸೆಯದೆಂದು ಕರೆಯುವ ಮುನ್ನ ನಾನು ಮೂರು ಪ್ರಶ್ನೆಗಳನ್ನು ಕೇಳುತ್ತೇನೆ. ಅದು ತರುವ ವಿದ್ಯೆ ಇಲ್ಲಿನವರ ಕೈಗೆ ಇಳಿಯುತ್ತದೆಯೆ? ಅದರ ಸುತ್ತ ಇಲ್ಲಿನ ಸಣ್ಣ ಕೈಗಾರಿಕೆಗಳು ಬೆಳೆಯುತ್ತವೆಯೆ? ನಷ್ಟವಾದರೆ ಹೊರುವವರು ಯಾರು, ಅದು ಎದ್ದು ಹೋದರೆ ಉಳಿಯುವುದೇನು? ಹೂಡಿಕೆದಾರನು ಕೇಳುವ ಪ್ರಶ್ನೆಗಳು ಬೇರೆ: ಮಾರುಕಟ್ಟೆ ಎಷ್ಟು ದೊಡ್ಡದು, ಬಂದರು ಎಷ್ಟು ಹತ್ತಿರ, ತೆರಿಗೆ ಎಷ್ಟು. ಅವನ ದೃಷ್ಟಿಯಲ್ಲಿ ಭರವಸೆಯಾದುದೆಲ್ಲ ನಮ್ಮ ದೃಷ್ಟಿಯಲ್ಲಿಯೂ ಭರವಸೆಯಾಗಬೇಕಿಲ್ಲ. ಎರಡೂ ಪಟ್ಟಿಗಳಲ್ಲಿ ಬರುವ ಉದ್ಯಮಗಳನ್ನು ಆರಿಸಿಕೊಳ್ಳುವುದೇ ಜಾಣತನ.

ಮೋಟಾರು ವಾಹನ ಉದ್ಯಮ ಈ ಪರೀಕ್ಷೆಯಲ್ಲಿ ಮೇಲ್ಮಟ್ಟದಲ್ಲಿ ತೇರ್ಗಡೆಯಾಗುತ್ತದೆ. 1982ರಲ್ಲಿ ಸುಜುಕಿ ಸಂಸ್ಥೆ ಶೇಕಡ 26ರ ಪಾಲಿನೊಡನೆ ಮಾರುತಿಗೆ ಬಂದಿತು. 1983ರ ಡಿಸೆಂಬರಿನಲ್ಲಿ ಮೊದಲ ಕಾರು ಹೊರಬಂದಿತು. ಬಿಡಿಭಾಗಗಳನ್ನು ಹಂತಹಂತವಾಗಿ ಇಲ್ಲಿಯೇ ತಯಾರಿಸಬೇಕೆಂಬ ಷರತ್ತು ಜೊತೆಗಿತ್ತು. ಅದರ ಫಲವಾಗಿ ಗುರುಗ್ರಾಮದ ಸುತ್ತ ನೂರಾರು ಬಿಡಿಭಾಗ ತಯಾರಕರು ಬೆಳೆದರು. ಜಪಾನೀ ಕಾರ್ಖಾನೆಯ ಶಿಸ್ತು ಇಲ್ಲಿನ ಕಾರ್ಮಿಕರ ಕೈಗಳಿಗೆ ಇಳಿಯಿತು. ಸುಜುಕಿಗೆ ಬಹುಮತದ ಪಾಲು ದೊರೆತದ್ದು 2002ರಲ್ಲಿ, ಎಂದರೆ ಎರಡು ದಶಕಗಳ ಅನಂತರ. ಅಂತಹ ಷರತ್ತನ್ನು ಇಂದು ವಿಧಿಸುವಂತಿಲ್ಲ ಎಂಬುದನ್ನೂ ಹೇಳಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ನ್ಯಾಯಮಂಡಲಿ 2001ರಲ್ಲಿ ನಮ್ಮ ವಾಹನ ಉದ್ಯಮದ ಸ್ವದೇಶೀಕರಣ ಷರತ್ತುಗಳನ್ನು ನಿಯಮಬಾಹಿರವೆಂದು ತೀರ್ಮಾನಿಸಿತು. ಅಂದು ಷರತ್ತಿನಿಂದ ಸಾಧಿಸಿದ್ದನ್ನು ಇಂದು ಕೌಶಲ, ರಸ್ತೆ, ವಿದ್ಯುತ್ತುಗಳ ಆಕರ್ಷಣೆಯಿಂದ ಸಾಧಿಸಬೇಕಾಗಿದೆ.

ನಮ್ಮ ಈ ನಗರದ ಹೊರವಲಯವೇ ಇದಕ್ಕೆ ಸಾಕ್ಷಿ. 1998ರಲ್ಲಿ ಹ್ಯುಂಡೈನ ಸ್ಯಾಂಟ್ರೋ ಕಾರು ಶ್ರೀಪೆರಂಬುದೂರಿನಿಂದ ಹೊರಟಾಗ ಅದರೊಡನೆ ಕೊರಿಯಾದ ಬಿಡಿಭಾಗ ತಯಾರಕರೂ ಬಂದು ನೆಲೆಸಿದರು. ಫೋರ್ಡ್ ಸಂಸ್ಥೆ ಇಲ್ಲಿನ ಕಾರು ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿ ಸಾರಿತು. ಕಾರ್ಖಾನೆಯ ಕಾರ್ಮಿಕರು ಬೀದಿಗಿಳಿದರು. ಆದರೆ ಅದೇ ಸಂಸ್ಥೆಯ ವಿನ್ಯಾಸ ಮತ್ತು ಲೆಕ್ಕಪತ್ರದ ಕಚೇರಿಗಳಲ್ಲಿ ಸಾವಿರಾರು ಮಂದಿ ಇದೇ ಚೆನ್ನೈನಲ್ಲಿ ಕೆಲಸ ಮುಂದುವರಿಸಿದರು. ಕೈಯ ಕೆಲಸ ಹೋಯಿತು, ತಲೆಯ ಕೆಲಸ ಉಳಿಯಿತು. ಇನ್ನು 2024ರ ಅಕ್ಟೋಬರಿನಲ್ಲಿ ಹ್ಯುಂಡೈ ತನ್ನ ಭಾರತೀಯ ಕಂಪನಿಯ ಷೇರುಗಳನ್ನು ಸುಮಾರು 27,870 ಕೋಟಿ ರೂಪಾಯಿಗಳಿಗೆ ಸಾರ್ವಜನಿಕರಿಗೆ ಮಾರಿತು. ಆ ಹಣವೆಲ್ಲ ಸಂದದ್ದು ಕೊರಿಯಾದ ಮಾತೃಸಂಸ್ಥೆಗೆ. ಇಲ್ಲಿನ ಕಾರ್ಖಾನೆಗೆ ಒಂದು ರೂಪಾಯಿಯೂ ಅಲ್ಲ. ಇದು ನ್ಯಾಯಸಮ್ಮತವಾದ ವ್ಯವಹಾರವೇ. ಆದರೆ ವಿದೇಶೀ ಬಂಡವಾಳ ದಾನವಲ್ಲ, ಫಲ ಬಂದಾಗ ಕೊಯ್ಯಲೆಂದೇ ನೆಟ್ಟ ಮರವೆಂಬುದನ್ನು ಮರೆಯಬಾರದು.

ವಿದ್ಯುನ್ಮಾನ ಉದ್ಯಮವನ್ನು ನಾನು ಷರತ್ತಿನ ಮೇಲೆ ಭರವಸೆಯದೆನ್ನುತ್ತೇನೆ. 2006ರಲ್ಲಿ ಶ್ರೀಪೆರಂಬುದೂರಿನಲ್ಲಿ ನೋಕಿಯಾ ಕಾರ್ಖಾನೆ ಆರಂಭವಾದಾಗ ಸುತ್ತಲ ಹಳ್ಳಿಗಳ ಸಾವಿರಾರು ಯುವತಿಯರು ಮೊದಲ ಬಾರಿಗೆ ಸಂಬಳದ ಕೆಲಸ ಕಂಡರು. ಮುಂದೆ ಸರಳ ಮೊಬೈಲಿನ ಕಾಲ ಮುಗಿಯಿತು, ತೆರಿಗೆಯ ವ್ಯಾಜ್ಯ ಬೆಳೆಯಿತು, ಮೈಕ್ರೊಸಾಫ್ಟ್ ನೋಕಿಯಾದ ಮೊಬೈಲ್ ವ್ಯವಹಾರವನ್ನು ಕೊಂಡಾಗ ಈ ಕಾರ್ಖಾನೆ ಆ ಕ್ರಯದಿಂದ ಹೊರಗುಳಿಯಿತು. 2014ರ ನವೆಂಬರಿನಲ್ಲಿ ಬೀಗ ಬಿದ್ದಿತು. ಜೋಡಣೆಯ ಕೆಲಸ ಕಲಿಯಲು ಕೆಲವು ವಾರಗಳು ಸಾಕು. ಆದ್ದರಿಂದಲೇ ಅದು ಬೇರೆಡೆಗೆ ಹೊರಟುಹೋಗಲೂ ಕೆಲವು ವಾರಗಳು ಸಾಕು. ಆದರೂ ಅಲ್ಲಿನ ಬಂದರು, ರಸ್ತೆ, ಕೆಲಸ ಕಲಿತ ಕೈಗಳು ಉಳಿದಿದ್ದವು. ಚಾರ್ಜರುಗಳನ್ನು ತಯಾರಿಸುವ ಸಾಲ್‌ಕಾಂಪ್ ಆ ಆವರಣವನ್ನು ಕೊಂಡು ಕೆಲಸ ಆರಂಭಿಸಿತು. ಇಂದು ಅದೇ ಪರಿಸರದಲ್ಲಿ ಐಫೋನುಗಳು ತಯಾರಾಗುತ್ತಿವೆ.

ನಮ್ಮ ಕೋಲಾರ ಜಿಲ್ಲೆಯ ನರಸಾಪುರದ ಅನುಭವವೂ ಇಲ್ಲಿ ಪ್ರಸ್ತುತ. ತೈವಾನಿನ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರಿನಲ್ಲಿ ಗುತ್ತಿಗೆ ಕಾರ್ಮಿಕರ ವೇತನದ ಅಸಮಾಧಾನ ಹಿಂಸೆಗೆ ತಿರುಗಿತು. ಕಾರ್ಮಿಕ ಇಲಾಖೆಯ ತಪಾಸಣೆಯಲ್ಲಿ ವೇತನ ಪಾವತಿಯ ಲೋಪಗಳು ಹೊರಬಿದ್ದವು. 2023ರಲ್ಲಿ ಆ ಕಾರ್ಖಾನೆಯನ್ನು ಟಾಟಾ ಸಂಸ್ಥೆ ಕೊಂಡಿತು. ವಿದೇಶೀಯನು ಬಿಟ್ಟುಹೋದುದನ್ನು ನಡೆಸುವ ಸಾಮರ್ಥ್ಯ ಇಲ್ಲಿನವರಲ್ಲಿ ಬೆಳೆದಿತ್ತೆಂಬುದು ಸಮಾಧಾನದ ಸಂಗತಿ. ಅರೆವಾಹಕ ಚಿಪ್ಪುಗಳ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ. ಗುಜರಾತಿನ ಸಾಣಂದದಲ್ಲಿ 2023ರಲ್ಲಿ ಪ್ರಕಟವಾದ ಮೈಕ್ರಾನ್ ಯೋಜನೆಯ ಒಟ್ಟು ವೆಚ್ಚ 275 ಕೋಟಿ ಡಾಲರ್. ಅದರಲ್ಲಿ ಶೇಕಡ 50 ಕೇಂದ್ರದ್ದು, ಶೇಕಡ 20 ರಾಜ್ಯದ್ದು. ಹತ್ತರಲ್ಲಿ ಏಳು ರೂಪಾಯಿ ನಮ್ಮದಾಗಿರುವಾಗ ವಿದ್ಯೆಯಲ್ಲಿಯೂ ನಮ್ಮ ಪಾಲನ್ನು ಕೇಳುವ ಹಕ್ಕು ನಮಗಿದೆ.

ವಿದ್ಯುತ್ತಿನ ವಿಷಯದಲ್ಲಿ ದೇಶ ಕಲಿತ ಪಾಠ ಕಹಿಯಾದುದು. ಮಹಾರಾಷ್ಟ್ರದ ದಾಭೋಳದಲ್ಲಿ ಎನ್ರಾನ್ ಸಂಸ್ಥೆಯೊಡನೆ 1992ರಲ್ಲಿ ಆರಂಭವಾದ ಒಪ್ಪಂದದ ಪ್ರಕಾರ ವಿದ್ಯುತ್ ಮಂಡಲಿ ವಿದ್ಯುತ್ತನ್ನು ಬಳಸಲಿ ಬಿಡಲಿ, ಸ್ಥಾವರದ ಸ್ಥಿರ ವೆಚ್ಚವನ್ನು ತೆರಬೇಕಿತ್ತು. ದರ ಡಾಲರಿಗೆ ತಗಲಿಕೊಂಡಿತ್ತು. ಹಣಕ್ಕೆ ರಾಜ್ಯದ ಖಾತರಿ, ಅದರ ಮೇಲೆ ಕೇಂದ್ರದ ಪ್ರತಿಖಾತರಿ. 1995ರಲ್ಲಿ ರದ್ದಾಗಿ, 1996ರಲ್ಲಿ ಪರಿಷ್ಕೃತವಾಗಿ, 1999ರಲ್ಲಿ ವಿದ್ಯುತ್ ಹರಿಸಿ, 2001ರಲ್ಲಿ ಅದು ನಿಂತುಹೋಯಿತು. ಲಾಭ ಖಾಸಗಿಯಾಗಿ, ಅಪಾಯ ಸರ್ಕಾರಿಯಾದ ಹೂಡಿಕೆ ಅದು. ನಮ್ಮ ಕರಾವಳಿಯ ನಂದಿಕೂರಿನಲ್ಲಿ 1000 ಮೆಗಾವಾಟಿನ ಸ್ಥಾವರ ಕಟ್ಟಬೇಕಿದ್ದ ಕೊಜೆಂಟ್ರಿಕ್ಸ್, ವರ್ಷಾನುಗಟ್ಟಲೆ ವಿವಾದದ ಅನಂತರ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು.

ಇದಕ್ಕೆ ಹೋಲಿಸಿದರೆ ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನ ಬೇರೆ ದಾರಿ ತೋರಿಸಿತು. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆದು, ಎರಡು ವರ್ಷಕ್ಕೊಮ್ಮೆ ಶೇಕಡ 5ರಷ್ಟು ಏರಿಸುವ ಏರ್ಪಾಡಾಯಿತು. ಅಲ್ಲಿನ 2050 ಮೆಗಾವಾಟಿನಲ್ಲಿ ಫಿನ್ಲೆಂಡಿನ ಫೋರ್ಟಮ್ ಸಂಸ್ಥೆಯ ಹೂಡಿಕೆಯೂ ಸೇರಿತ್ತು. ಬರಗಾಲದ ಸೀಮೆಯಲ್ಲಿ ಭೂಮಿಯ ಒಡೆತನ ರೈತನಲ್ಲಿಯೇ ಉಳಿಯಿತು. ಆದರೆ ಭೂಮಿಯಿಲ್ಲದ ಕೂಲಿಯವನಿಗೆ ಗೇಣಿಯೂ ಇಲ್ಲ, ಹೊಲದ ಕೆಲಸವೂ ಇಲ್ಲ ಎಂಬ ಕೊರತೆ ಹಾಗೆಯೇ ನಿಂತಿದೆ. ಮುಂದಿನ ಯೋಜನೆಗಳಲ್ಲಿ ಅವನಿಗೂ ಒಂದು ಪಾಲನ್ನು ಗೊತ್ತುಪಡಿಸಿದರೆ ನವೀಕರಿಸಬಹುದಾದ ಶಕ್ತಿಯನ್ನು ನಾನು ಪಟ್ಟಿಯ ತುದಿಯಲ್ಲಿಡುತ್ತೇನೆ.

ಆಹಾರ ಸಂಸ್ಕರಣೆ ನಮ್ಮಂತಹ ಕೃಷಿಪ್ರಧಾನ ದೇಶಕ್ಕೆ ಸಹಜವಾಗಿ ಒಗ್ಗುವ ಉದ್ಯಮ. ನೆಸ್ಲೆ ಸಂಸ್ಥೆ 1961ರಲ್ಲಿ ಪಂಜಾಬಿನ ಮೋಗಾದಲ್ಲಿ ಹಾಲಿನ ಕಾರ್ಖಾನೆ ತೆರೆದಾಗ ಹಳ್ಳಿಗಳಲ್ಲಿ ಸಂಗ್ರಹ ಕೇಂದ್ರಗಳನ್ನು ಕಟ್ಟಿ, ದನಗಳ ಆರೈಕೆಯನ್ನು ಕಲಿಸಿ ಹಾಲು ಪಡೆಯಬೇಕಾಯಿತು. 1989ರಲ್ಲಿ ನಮ್ಮ ನಂಜನಗೂಡಿಗೂ ಅದೇ ಸಂಸ್ಥೆ ಬಂದಿತು. ಇಂತಹ ಕಾರ್ಖಾನೆ ಬೆಳೆಯುವ ಹೊಲದಿಂದ ದೂರ ಹೋಗಲಾರದು. ಅದೇ ಅದರ ದೊಡ್ಡ ಗುಣ. ಆದರೆ ಒಪ್ಪಂದದ ಕೃಷಿಯಲ್ಲಿ ರೈತ ದುರ್ಬಲ ಪಕ್ಷ. 2019ರಲ್ಲಿ ಪೆಪ್ಸಿಕೊ ತನ್ನ ಆಲೂಗಡ್ಡೆಯ ತಳಿಯನ್ನು ಬೆಳೆದರೆಂದು ಗುಜರಾತಿನ ರೈತರ ಮೇಲೆ ದಾವೆ ಹೂಡಿ, ಜನರ ವಿರೋಧ ಎದ್ದಾಗ ಹಿಂತೆಗೆದುಕೊಂಡಿತು. ಸಸ್ಯತಳಿಗಳ ರಕ್ಷಣೆ ಮತ್ತು ರೈತರ ಹಕ್ಕುಗಳ 2001ರ ಕಾಯಿದೆ ಆ ದಿನ ರೈತನ ಬೆನ್ನಿಗಿತ್ತು. ಕಾಯಿದೆ ಮೊದಲು, ಬಂಡವಾಳ ಅನಂತರ ಎಂಬ ಕ್ರಮದ ಬೆಲೆ ಆಗ ತಿಳಿಯಿತು.

ಔಷಧದ ವಿಷಯದಲ್ಲಿ ಹೊಸ ಕಾರ್ಖಾನೆ ಕಟ್ಟುವ ಹಣ ಬೇರೆ, ಇದ್ದ ಕಾರ್ಖಾನೆಯನ್ನು ಕೊಳ್ಳುವ ಹಣ ಬೇರೆ. 2008ರಲ್ಲಿ ರ‍್ಯಾನ್‌ಬ್ಯಾಕ್ಸಿ ಜಪಾನಿನ ದಾಯಿಚಿ ಸಂಸ್ಥೆಗೆ ಮಾರಾಟವಾದಾಗ ದೇಶಕ್ಕೆ ಹೊಸ ಕಾರ್ಖಾನೆಯೇನೂ ಬರಲಿಲ್ಲ; ಒಡೆಯ ಬದಲಾದ, ಅಷ್ಟೆ. ಇದಕ್ಕೆ ಬದಲಾಗಿ ವೈದ್ಯಕೀಯ ಉಪಕರಣಗಳ ತಯಾರಿಕೆಯಲ್ಲಿ ನಮಗೆ ನಿಜವಾದ ಕೊರತೆಯಿದೆ. ಆಸ್ಪತ್ರೆಯ ಬೆಲೆಬಾಳುವ ಯಂತ್ರಗಳಲ್ಲಿ ಬಹುಪಾಲು ಇಂದಿಗೂ ಹೊರಗಿನವು. 2015ರಿಂದ ಆ ಕ್ಷೇತ್ರದಲ್ಲಿ ಶೇಕಡ 100ರ ಹೂಡಿಕೆಗೆ ದಾರಿ ತೆರೆದಿದೆ. ನಿಖರವಾದ ಯಂತ್ರಗೆಲಸ, ತಂತ್ರಾಂಶ, ವೈದ್ಯವಿದ್ಯೆ ಮೂರೂ ಕೂಡುವ ಕ್ಷೇತ್ರವಿದು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಸಣ್ಣ ಯಂತ್ರಾಗಾರಗಳಿಗೆ ಇದಕ್ಕಿಂತ ಹೊಂದುವ ಜೊತೆ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ತಂತ್ರಾಂಶದ ಕಥೆ ತಮಗೆ ತಿಳಿದುದೇ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಿಂದ ಹಿಡಿದು 2024ರ ಹೊತ್ತಿಗೆ ದೇಶದಲ್ಲಿ 1700ಕ್ಕೂ ಹೆಚ್ಚು ವಿದೇಶೀ ಸಂಸ್ಥೆಗಳ ಸಾಮರ್ಥ್ಯ ಕೇಂದ್ರಗಳಿದ್ದವು. ಸುಮಾರು 19 ಲಕ್ಷ ಜನ ಅಲ್ಲಿ ದುಡಿಯುತ್ತಿದ್ದರು. ವಿದ್ಯೆ ಇಳಿಯುತ್ತದೆಯೆ ಎಂಬ ಮೊದಲ ಪ್ರಶ್ನೆಗೆ ಇವು ಒಳ್ಳೆಯ ಉತ್ತರ ಕೊಡುತ್ತವೆ. ಹತ್ತನೆಯ ತರಗತಿ ಓದಿದ ಹುಡುಗನಿಗೆ ಮಾತ್ರ ಇವುಗಳಲ್ಲಿ ಕಾವಲುಗಾರನ, ವಾಹನ ಚಾಲಕನ ಕೆಲಸವಲ್ಲದೆ ಬೇರಿಲ್ಲ. ವಿಮೆಯಲ್ಲಿ ವಿದೇಶೀ ಪಾಲಿನ ಮಿತಿ ಶೇಕಡ 26ರಿಂದ 2015ರಲ್ಲಿ 49ಕ್ಕೆ, 2021ರಲ್ಲಿ 74ಕ್ಕೆ ಏರಿತು. 100ಕ್ಕೆ ಏರಿಸುವುದಾಗಿ 2025ರ ಮುಂಗಡಪತ್ರ ಸಾರಿತು. ಇಲ್ಲಿ ಹಣ ಬರುತ್ತದೆ, ಆದರೆ ಕಾರ್ಖಾನೆಯೂ ಬಿಡಿಭಾಗ ತಯಾರಕನೂ ಹುಟ್ಟುವುದಿಲ್ಲ. ನನ್ನ ಪಟ್ಟಿಯಲ್ಲಿ ಇದು ಕೊನೆಗೆ.

ಆದ್ದರಿಂದ ನನ್ನ ಕ್ರಮ ಹೀಗೆ: ಮೊದಲು ವೈದ್ಯಕೀಯ ಉಪಕರಣ ಮತ್ತು ಆಹಾರ ಸಂಸ್ಕರಣೆ, ಅನಂತರ ವಾಹನ, ವಿಶೇಷವಾಗಿ ವಿದ್ಯುತ್ ವಾಹನದ ಬಿಡಿಭಾಗಗಳು, ಗೇಣಿಯ ನ್ಯಾಯದೊಡನೆ ಸೌರ ಮತ್ತು ಪವನ ಶಕ್ತಿ, ಬಿಡಿಭಾಗಗಳೂ ಇಲ್ಲಿಯೇ ತಯಾರಾಗುವುದಾದರೆ ವಿದ್ಯುನ್ಮಾನ. ವಿಮೆಯಂತಹವು ಬಂದರೆ ಬರಲಿ, ಅವುಗಳಿಗಾಗಿ ಕೆಂಪು ಹಾಸು ಹಾಸಬೇಕಾಗಿಲ್ಲ.

ಕೊನೆಯದಾಗಿ, ಹೊರನಾಡ ಕನ್ನಡಿಗರಾದ ನಮ್ಮನ್ನು ನೇರವಾಗಿ ತಟ್ಟುವ ಪ್ರಶ್ನೆ. ಬಂಡವಾಳ ಬಂದಾಗ ಕೆಲಸ ಯಾರಿಗೆ? 1980ರ ದಶಕದ ಸರೋಜಿನಿ ಮಹಿಷಿ ವರದಿಯನ್ನು ನಮ್ಮಲ್ಲಿ ಅನೇಕರು ಮನಸಾರೆ ಬೆಂಬಲಿಸಿದ್ದೇವೆ. 2024ರ ಜುಲೈನಲ್ಲಿ ಕರ್ನಾಟಕದ ಸಚಿವ ಸಂಪುಟ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇಕಡ 50, ಇತರ ಹುದ್ದೆಗಳಲ್ಲಿ ಶೇಕಡ 70ನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಿಗಳ ವಿರೋಧದಿಂದ ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆ ಮಸೂದೆಯಲ್ಲಿ ಸ್ಥಳೀಯನೆಂದರೆ ರಾಜ್ಯದಲ್ಲಿ ಹುಟ್ಟಿ, 15 ವರ್ಷ ಅಲ್ಲಿ ನೆಲೆಸಿ, ಕನ್ನಡ ಬಲ್ಲವನು. ಚೆನ್ನೈನಲ್ಲಿ ಹುಟ್ಟಿ, ಈ ಸಂಘದ ಕನ್ನಡ ತರಗತಿಯಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳು ಅಲ್ಲಿ ಸ್ಥಳೀಯರಲ್ಲ. ಇತರ ರಾಜ್ಯಗಳು ತಮ್ಮ ತಮ್ಮ ಭಾಷೆಯ ಷರತ್ತು ಹಾಕಿದರೆ ಅಲ್ಲಿಯೂ ನಮ್ಮವರು ಸ್ಥಳೀಯರಲ್ಲ. ಆಂಧ್ರ 2019ರಲ್ಲಿ, ಹರಿಯಾಣ 2020ರಲ್ಲಿ ಶೇಕಡ 75ರ ಕಾಯಿದೆ ಮಾಡಿದವು. ಹರಿಯಾಣದ್ದನ್ನು ಅಲ್ಲಿನ ಉಚ್ಚ ನ್ಯಾಯಾಲಯ 2023ರ ನವೆಂಬರಿನಲ್ಲಿ ರದ್ದುಪಡಿಸಿತು.

ಈ ಇಕ್ಕಟ್ಟಿನಲ್ಲಿ ನಿಂತವರಾದ್ದರಿಂದ ನಾವು ಸ್ವಲ್ಪ ಹೆಚ್ಚು ಪ್ರಾಮಾಣಿಕವಾಗಿ ಮಾತನಾಡಬಲ್ಲೆವು. ಭೂಮಿ ಕೊಟ್ಟ ಊರಿನವರಿಗೆ ಕೆಲಸ ಸಿಗಬೇಕೆಂಬುದು ನ್ಯಾಯ. ಆ ನ್ಯಾಯ ಕೈಗಾರಿಕಾ ತರಬೇತಿ ಸಂಸ್ಥೆಗಳ ಬಾಗಿಲಿನಿಂದ ಬಂದರೆ ಉಳಿಯುತ್ತದೆ. ಜನನ ಪ್ರಮಾಣಪತ್ರದ ಬಾಗಿಲಿನಿಂದ ಬಂದರೆ ಬಂಡವಾಳವೂ ಸರಿಯುತ್ತದೆ, ನೆರೆಹೊರೆಯ ವಿಶ್ವಾಸವೂ ಸರಿಯುತ್ತದೆ. ತಮಿಳುನಾಡಿನ ಉದ್ಯಮಗಳಲ್ಲಿ ದುಡಿದು ಬಾಳುತ್ತಿರುವ ನಾವು, ನರಸಾಪುರದಲ್ಲಿ ದುಡಿಯುವ ತಮಿಳು ಹುಡುಗಿಯನ್ನು ಪರಕೀಯಳೆಂದು ಹೇಗೆ ಕರೆಯೋಣ?

2025ರ ಫೆಬ್ರವರಿಯ ಬೆಂಗಳೂರಿನ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಗಳ, 2024ರ ಜನವರಿಯ ಚೆನ್ನೈ ಸಮಾವೇಶದಲ್ಲಿ 6.64 ಲಕ್ಷ ಕೋಟಿ ರೂಪಾಯಿಗಳ ಆಶ್ವಾಸನೆಗಳು ಪ್ರಕಟವಾದವು. ಅವುಗಳಲ್ಲಿ ದೇಶೀ ಹಣವೂ ಸೇರಿದೆ. ಎರಡೂ ರಾಜ್ಯಗಳ ಪ್ರಜೆಗಳಂತೆ ಬದುಕುವ ನಾವು ವರ್ಷಕ್ಕೊಮ್ಮೆಯಾದರೂ ಕೇಳಬೇಕು: ಇದರಲ್ಲಿ ನೆಲ ಮುಟ್ಟಿದ್ದೆಷ್ಟು, ಎಷ್ಟು ಕೈಗಳಿಗೆ ಕೆಲಸ ಸಿಕ್ಕಿತು, ಆ ಕೆಲಸದಲ್ಲಿ ಕಲಿತದ್ದೇನು? ಕೇಳುವ ಪ್ರಜೆಗಳಿರುವ ನಾಡಿನಲ್ಲಿ ಒಳ್ಳೆಯ ಬಂಡವಾಳ ಹೆದರುವುದಿಲ್ಲ. ಕೆಟ್ಟ ಬಂಡವಾಳ ಮಾತ್ರ ಹಿಂಜರಿಯುತ್ತದೆ.